ಗರ್ಭಕೋಶದ ಆಪರೇಷನ್ ಆದ ಮೇಲೆ ಮೊದಲ ತುತ್ತು ಯಾವಾಗ?

ತುಂಗಾತೀರದವಳು, ತೀರ್ಥಹಳ್ಳಿ (ಗುರುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 49 ವರ್ಷ. ಗರ್ಭಕೋಶದಲ್ಲಿ ಗಡ್ಡೆಗಳಾಗಿ ಮೂರು ವರ್ಷದಿಂದ ತಿಂಗಳ ಸ್ರಾವ ವಿಪರೀತವಾಗಿದ್ದರೂ, "ಈ ವರ್ಷದ ಅಡಿಕೆ ಸುಲಿಯುವುದೊಂದು ಮುಗಿಯಲಿ" ಎಂದು ಪ್ರತಿ ವರ್ಷವೂ ಮುಂದೂಡುತ್ತಲೇ ಬಂದವರು ಈಗ ಒಪ್ಪಿದ್ದಾರೆ. ಬರುವ ಬುಧವಾರ ಶಿವಮೊಗ್ಗದಲ್ಲಿ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯುವುದೆಂದು ನಿಶ್ಚಯವಾಗಿದೆ. ನನ್ನ ಪ್ರಶ್ನೆ ಇರುವುದು ಅದಾದ ಮೇಲಿನ ಊಟದ ಬಗ್ಗೆ.

ಎಲ್ಲವೂ ಸರಿಯಾಗಿ ನಡೆದರೆ ಅದೇ ದಿನ ಸಂಜೆ ನೀರು, ಗಂಜಿತಿಳಿ ಕೊಡಬಹುದು, ಮರುದಿನ ಬೆಳಿಗ್ಗೆ ಇಡ್ಲಿ ಕೊಡಬಹುದು ಎಂದು ವೈದ್ಯರು ಹೇಳಿದ್ದಾರೆ. ಆಸ್ಪತ್ರೆಯಲ್ಲಿ ಅಮ್ಮನ ಜೊತೆಗಿರಲು ಬರುವವರು ನನ್ನ ದೊಡ್ಡಮ್ಮ. ಅವರಿಗೂ ಇಪ್ಪತ್ತು ವರ್ಷದ ಹಿಂದೆ ಇದೇ ಆಪರೇಷನ್ ಆಗಿದೆ. ಆಗ ಮೂರು ದಿನ ಬಾಯಿಗೆ ಹನಿ ನೀರು ಬಿಟ್ಟಿರಲಿಲ್ಲವಂತೆ. ಗಾಳಿ ಹೋಗುವ ಮೊದಲು ಏನಾದರೂ ಕೊಟ್ಟರೆ ಕರುಳು ಕಟ್ಟಿಕೊಳ್ಳುತ್ತದೆ, ವಾಂತಿಯಾಗಿ ಹೊಲಿಗೆ ಬಿಚ್ಚಿಹೋಗುತ್ತದೆ ಎಂಬ ಅವರ ನಂಬಿಕೆಯನ್ನು ಅಲುಗಾಡಿಸಲು ನನ್ನಿಂದ ಆಗಿಲ್ಲ. ವೈದ್ಯರ ಮಾತು ಚೀಟಿಯಲ್ಲಿರುತ್ತದೆ, ರಾತ್ರಿ ಮಂಚದ ಪಕ್ಕದಲ್ಲಿ ಲೋಟ ಹಿಡಿದು ಕೂತಿರುವವರು ದೊಡ್ಡಮ್ಮ. ಅವರ ಮನಸ್ಸಿಗೆ ಒಪ್ಪುವಂಥ ಕಾರಣಗಳು ನನಗೆ ಬೇಕು. ಅನುಭವವಿದ್ದವರು, ತಿಳಿದವರು ದಯವಿಟ್ಟು ಬರೆಯಿರಿ.


ಸೀತಾಳೆದಂಡೆ, ಸಾಗರ

ನಿಮ್ಮ ದೊಡ್ಡಮ್ಮ ಹೇಳುವುದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆಯಿಲ್ಲ. 2006ರಲ್ಲಿ ನನಗೂ ಇದೇ ಆಪರೇಷನ್ ಆಯಿತು. ಭಾನುವಾರ ರಾತ್ರಿ ಎಂಟು ಗಂಟೆಗೆ ಎರಡು ಚಪಾತಿ ತಿಂದವಳು ಮತ್ತೆ ಬಾಯಲ್ಲಿ ಏನನ್ನಾದರೂ ಇಟ್ಟದ್ದು ಗುರುವಾರ ಬೆಳಿಗ್ಗೆ ಎಂಟಕ್ಕೆ. ಅದೂ ನಾಲ್ಕು ಚಮಚ ಗ್ಲೂಕೋಸ್ ನೀರು. ಲೆಕ್ಕ ಹಾಕಿದರೆ 84 ಗಂಟೆ. ಸೋಮವಾರದ ಪಟ್ಟಿಯಲ್ಲಿ ನನ್ನದು ನಾಲ್ಕನೆಯ ಸರದಿಯಾದ್ದರಿಂದ ಒಳಗೆ ಕರೆದುಕೊಂಡು ಹೋಗುವಾಗಲೇ ಮಧ್ಯಾಹ್ನ ಎರಡೂವರೆಯಾಗಿತ್ತು, ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಆಮೇಲೆ ಮೂರು ದಿನ ಒದ್ದೆ ಹತ್ತಿಯಲ್ಲಿ ತುಟಿ ಒರೆಸುವುದೇ ಊಟ. ಆ ಹತ್ತಿಯನ್ನು ಕಚ್ಚಿ ಹಿಂಡಿ ನೀರು ಕುಡಿಯಲು ನೋಡಿ ಬೈಸಿಕೊಂಡಿದ್ದೇನೆ.

ಎಲ್ಲಕ್ಕಿಂತ ಮುಜುಗರವಾಗುತ್ತಿದ್ದದ್ದು "ಗಾಳಿ ಹೋಯಿತೇ?" ಎಂಬ ಪ್ರಶ್ನೆ. ಸಿಸ್ಟರ್ ಕೇಳಿದರೆ ಸರಿ, ವೈದ್ಯರು ಕೇಳಿದರೂ ಸರಿ. ನೋಡಲು ಬಂದ ನಮ್ಮ ಮಾವನವರೂ ಬಾಗಿಲಲ್ಲಿ ನಿಂತು ಅದನ್ನೇ ಕೇಳಿದರು. ಪಕ್ಕದ ಮಂಚದಲ್ಲಿ ಸೊರಬದ ಕಡೆಯ ಹೆಂಗಸೊಬ್ಬರಿದ್ದರು. ಎರಡನೆಯ ದಿನ ಬೆಳಿಗ್ಗೆ ಅವರು ತಮಗೆ ಗಾಳಿ ಹೋಯಿತೆಂದು ಹೇಳಿ, ಅರ್ಧ ಗಂಟೆಯಲ್ಲಿ ಕಾಫಿ ಗಿಟ್ಟಿಸಿಕೊಂಡರು. ಗಾಳಿ ಹೋಗಿರಲಿಲ್ಲವೆಂದು ರಾತ್ರಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಅವರಿಗೆ ಏನೂ ಆಗಲಿಲ್ಲ. ನನಗಿಂತ ಒಂದು ದಿನ ಮೊದಲೇ ಮನೆಗೆ ಹೋದರು. ಸುಳ್ಳು ಹೇಳಿ ಎಂದು ನಾನು ಸಲಹೆ ಕೊಡುತ್ತಿಲ್ಲ. ಅಂದಿನಿಂದ ಆ ನಿಯಮದ ಮೇಲೆ ನನಗಿದ್ದ ಭಕ್ತಿ ಮಾತ್ರ ಕಡಿಮೆಯಾಯಿತು.


ನಿವೃತ್ತ ಸಿಸ್ಟರ್, ಶಿವಮೊಗ್ಗ

ಹತ್ತಿ ಒದ್ದೆ ಮಾಡಿ ತುಟಿ ಒರೆಸಿದವರಲ್ಲಿ ನಾನೂ ಒಬ್ಬಳು, ಆದ್ದರಿಂದ ನಮ್ಮ ಪಕ್ಷದ ಮಾತನ್ನೂ ಹೇಳಬೇಕು. ಆ ನಿಯಮ ಕ್ರೌರ್ಯದಿಂದ ಬಂದದ್ದಲ್ಲ. ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುತ್ತಿದ್ದ ಕಾಲದಲ್ಲಿ ರೋಗಿಗಳು ಎಚ್ಚರವಾದ ಮೇಲೂ ಗಂಟೆಗಟ್ಟಲೆ ವಾಂತಿ ಮಾಡುತ್ತಿದ್ದರು. ಅಂದಿನ ಹೊಲಿಗೆಯ ದಾರ ಪ್ರಾಣಿಯ ಕರುಳಿನಿಂದ ಮಾಡಿದ್ದು. ಇಂದಿನ ದಾರದಷ್ಟು ಭರವಸೆಯದ್ದಲ್ಲ. ಜೋರಾಗಿ ವಾಂತಿಯಾದರೆ ಹೊಲಿಗೆ ಬಿಡಬಹುದೆಂಬ ಹೆದರಿಕೆಗೆ ಆಗ ಆಧಾರವಿತ್ತು. ನಿಮ್ಮ ದೊಡ್ಡಮ್ಮನವರ ಭಯ ಆ ಕಾಲದಿಂದ ಕೈಯಿಂದ ಕೈಗೆ ಬಂದದ್ದು, ನಾವೇ ಕೊಟ್ಟು ಕಳಿಸಿದ್ದು. ಔಷಧ ಬದಲಾಯಿತು, ದಾರ ಬದಲಾಯಿತು, ಭಯ ಮಾತ್ರ ವಾರ್ಡಿನಲ್ಲಿಯೇ ಉಳಿಯಿತು.

ಬೇಗ ಊಟ ಕೊಡುವ ಕ್ರಮವನ್ನು ನಾನು ಮೊದಲು ಕಂಡದ್ದು ಸಿಸೇರಿಯನ್ ಆದವರಲ್ಲಿ. ಆಪರೇಷನ್ ಆಗಿ ಆರು ಗಂಟೆ ಕಳೆಯುತ್ತಲೇ ನೀರು ಕೊಡಿ ಎಂದು ಹೊಸ ವೈದ್ಯರು ಬರೆದಾಗ ನಾನೇ ಎರಡು ಬಾರಿ ಹೋಗಿ ಕೇಳಿದ್ದೆ. ವರ್ಷಗಟ್ಟಲೆ ನೋಡಿದ ಮೇಲೆ ಒಪ್ಪಿಕೊಂಡೆ. ಎದ್ದು ಕೂತು, ನಾಲ್ಕು ಹೆಜ್ಜೆ ನಡೆದು, ಒಂದೊಂದೇ ಗುಟುಕು ಕುಡಿದವರಿಗೆ ಗಾಳಿ ಬೇಗ ಹೋಗುತ್ತಿತ್ತು. ಮಿಸುಕಾಡದೆ ಮಲಗಿ ಗಾಳಿಗಾಗಿ ಕಾದವರು ಕಾಯುತ್ತಲೇ ಇರುತ್ತಿದ್ದರು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. "ಬಾಟಲಿ ಹಾಕಿದ್ದಾರಲ್ಲ, ಊಟದ ಶಕ್ತಿಯೆಲ್ಲ ಅದರಲ್ಲಿಯೇ ಹೋಗುತ್ತದೆ" ಎಂದು ಮನೆಯವರು ನಿಶ್ಚಿಂತರಾಗಿರುತ್ತಾರೆ. ಅರ್ಧ ಲೀಟರಿನ ಐದು ಶೇಕಡಾ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರಿಂದ 100 ಕ್ಯಾಲೊರಿಗಿಂತ ಹೆಚ್ಚು ಸಿಗುವುದಿಲ್ಲ. ಬರೀ ಉಪ್ಪುನೀರಿನ ಬಾಟಲಿಯಾದರೆ ಅಷ್ಟೂ ಇಲ್ಲ. ಬಾಟಲಿ ನೀರನ್ನು ಕೊಡುತ್ತದೆ, ಊಟವನ್ನಲ್ಲ.

ಲೋಟ ಹಿಡಿಯುವವರು ದೊಡ್ಡಮ್ಮನವರೇ ಆಗಿದ್ದರೆ ಅವರಿಗೆ ಇಷ್ಟು ಹೇಳಿ: ಪೂರ್ತಿ ಎಚ್ಚರವಾಗಿ, ಮಾತು ಸ್ಪಷ್ಟವಾಗಿ ಬರುವ ತನಕ ಏನೂ ಬೇಡ. ಮಲಗಿದ್ದಲ್ಲಿಯೇ ಕುಡಿಸಬಾರದು; ಮಂಚದ ತಲೆಯ ಭಾಗವನ್ನು ಎತ್ತಿಸಿಕೊಂಡು ಚಮಚದಲ್ಲಿ ಕೊಡಬೇಕು. ಮೊದಲು ನಾಲ್ಕೈದು ಚಮಚ ಉಗುರುಬೆಚ್ಚಗಿನ ನೀರು. ಕಾಲು ಗಂಟೆ, ಅರ್ಧ ಗಂಟೆ ನೋಡಿ ಮತ್ತಷ್ಟು. ವಾಕರಿಕೆ ಬಂದರೆ ನಿಲ್ಲಿಸಿ ಸಿಸ್ಟರಿಗೆ ತಿಳಿಸಿದರೆ ಇಂಜೆಕ್ಷನ್ ಕೊಡುತ್ತಾರೆ. ನನ್ನ ಅನುಭವದಲ್ಲಿ ಕೆಡುಕಾಗುತ್ತಿದ್ದದ್ದು ಬೇಗ ಕೊಟ್ಟದ್ದರಿಂದಲ್ಲ, ಒಮ್ಮೆಲೇ ಕೊಟ್ಟದ್ದರಿಂದ. ನೋಡಲು ಬಂದ ನೆಂಟರು ಒಬ್ಬರು ಮೂಸಂಬಿ ರಸ, ಇನ್ನೊಬ್ಬರು ಬೇಕರಿಯ ಬ್ರೆಡ್ಡು, ಮತ್ತೊಬ್ಬರು ಪ್ಲಾಸ್ಕಿನ ತುಂಬ ಹಾಲು ತಂದು "ಪಾಪ, ಏನೂ ತಿಂದಿಲ್ಲ" ಎಂದು ಒತ್ತಾಯ ಮಾಡುತ್ತಿದ್ದರು.


ಅರಿವಳಿಕೆಯವನು

ನಾನು ಅರಿವಳಿಕೆ (ಅನಸ್ತೇಶಿಯಾ) ವೈದ್ಯ. ಒಬ್ಬ ರೋಗಿಗೆ ಏನು ಸರಿ ಎಂಬುದನ್ನು ಅವರನ್ನು ನೋಡುವ ವೈದ್ಯರೇ ತೀರ್ಮಾನಿಸಬೇಕು. ನಾನು ಬರೆಯುವುದು ದೊಡ್ಡಮ್ಮನವರಿಗೆ ಬೇಕಾದ ಕಾರಣಗಳನ್ನು ಮಾತ್ರ.

ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಕರುಳು ಮಂಕಾಗುವುದು ನಿಜ. ಆದರೆ ಇಡೀ ಜೀರ್ಣಾಂಗವ್ಯೂಹ ಒಟ್ಟಿಗೆ ಮಲಗಿ ಒಟ್ಟಿಗೆ ಏಳುವುದಿಲ್ಲ. ಸಣ್ಣ ಕರುಳು ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದೊಳಗೆ ಚಲನೆಗೆ ಬರುತ್ತದೆ. ಜಠರಕ್ಕೆ ಒಂದೆರಡು ದಿನ ಬೇಕಾಗುತ್ತದೆ. ದೊಡ್ಡ ಕರುಳು ಎರಡು ಮೂರು ದಿನ ತೆಗೆದುಕೊಳ್ಳುತ್ತದೆ. ಗಾಳಿ ಹೋಗುವುದು ದೊಡ್ಡ ಕರುಳಿನ ಕೆಲಸ. ಅಂದರೆ ಕೊನೆಯಲ್ಲಿ ಏಳುವವನನ್ನು ಕಾಯುತ್ತಾ, ಆಗಲೇ ಎದ್ದು ಕೂತವನಿಗೆ ಕೆಲಸ ಕೊಡದೆ ಇದ್ದಂತಾಯಿತು. ಹೀರಿಕೊಳ್ಳುವ ಕೆಲಸದ ಬಹುಪಾಲು ನಡೆಯುವುದು ಸಣ್ಣ ಕರುಳಿನಲ್ಲಿ. ಜೊತೆಗೆ, ಬಾಯಿ ಕಟ್ಟಿದ ಮಾತ್ರಕ್ಕೆ ಕರುಳಿಗೆ ವಿಶ್ರಾಂತಿ ಸಿಗುತ್ತದೆ ಎಂಬುದೂ ಸರಿಯಲ್ಲ. ನಾವು ಏನೂ ತಿನ್ನದಿದ್ದರೂ ಜಠರ ಮತ್ತು ಮೇದೋಜೀರಕ ಗ್ರಂಥಿ ದಿನಕ್ಕೆ ಒಂದೆರಡು ಲೀಟರ್ ರಸವನ್ನು ಸುರಿಸುತ್ತಲೇ ಇರುತ್ತವೆ, ಕರುಳು ಅದನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಅಷ್ಟನ್ನು ನಿಭಾಯಿಸುವ ಕರುಳಿಗೆ ಅರ್ಧ ಲೋಟ ಗಂಜಿತಿಳಿ ಭಾರವಲ್ಲ. ಇನ್ನು ಸ್ಟೆತಸ್ಕೋಪು ಇಟ್ಟು ಕರುಳಿನ ಸದ್ದು ಕೇಳುವುದು ನಾವೆಲ್ಲ ಕಲಿತ ಪದ್ಧತಿಯಾದರೂ, ಊಟ ತಡೆದುಕೊಳ್ಳುವ ಶಕ್ತಿಯನ್ನು ಅದು ನಂಬುವಂತೆ ತಿಳಿಸುವುದಿಲ್ಲ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಹೊಟ್ಟೆ ಕೊಯ್ದು ಮಾಡುವ ದೊಡ್ಡ ಸ್ತ್ರೀರೋಗ ಶಸ್ತ್ರಚಿಕಿತ್ಸೆಗಳ ಬಗ್ಗೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೊಂದು 2007ರಲ್ಲಿ ಬಂದು 2014ರಲ್ಲಿ ಪರಿಷ್ಕೃತವಾಯಿತು. ಅದರಲ್ಲಿ 5 ಅಧ್ಯಯನಗಳ 631 ಮಹಿಳೆಯರ ವಿವರಗಳಿವೆ. ಕರುಳಿನ ಸದ್ದಿಗೆ ಕಾಯದೆ 24 ಗಂಟೆಯೊಳಗೆ ನೀರು ಅಥವಾ ಆಹಾರ ಕೊಟ್ಟವರನ್ನು, ಸದ್ದು, ಗಾಳಿ, ಮಲಗಳಿಗೆ ಕಾದು ಆಮೇಲೆ ಕೊಟ್ಟವರೊಂದಿಗೆ ಹೋಲಿಸಿದಾಗ, ಬೇಗ ಉಂಡವರಲ್ಲಿ ಕರುಳು ನಿಂತುಹೋಗುವುದಾಗಲಿ, ವಾಂತಿಯಾಗಲಿ, ಹೊಟ್ಟೆಯುಬ್ಬರವಾಗಲಿ ಹೆಚ್ಚಾಗಲಿಲ್ಲ. ಗಾಳಿ ಸರಾಸರಿ ಐದು ಗಂಟೆಯಷ್ಟು ಮೊದಲೇ ಹೋಯಿತು, ಮನೆಗೆ ಸುಮಾರು ಒಂದು ದಿನ ಮೊದಲೇ ಹೋದರು. ಮೊದಲ ಆವೃತ್ತಿಯಲ್ಲಿ, ಬೇಗ ಉಂಡವರಿಗೆ ವಾಕರಿಕೆ ಸ್ವಲ್ಪ ಹೆಚ್ಚು ಎಂದೂ ಕಂಡುಬಂದಿತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಡೆನ್ಮಾರ್ಕಿನ ಶಸ್ತ್ರಚಿಕಿತ್ಸಕ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಆರಂಭಿಸಿದ ಶೀಘ್ರ ಚೇತರಿಕೆಯ ಕ್ರಮ ಈಗ 'ಇರಾಸ್' ಎಂಬ ಹೆಸರಿನಲ್ಲಿ ಎಲ್ಲೆಡೆ ಹಬ್ಬಿದೆ. ಸ್ತ್ರೀರೋಗ ಶಸ್ತ್ರಚಿಕಿತ್ಸೆಗಳಿಗಾಗಿ 2016ರಲ್ಲಿ ಪ್ರಕಟವಾಗಿ 2019ರಲ್ಲಿ ಪರಿಷ್ಕೃತವಾದ ಅದರ ಮಾರ್ಗಸೂಚಿಯೂ ಮೊದಲ 24 ಗಂಟೆಯೊಳಗೆ ಎಂದಿನ ಆಹಾರ ಆರಂಭಿಸಬಹುದು ಎನ್ನುತ್ತದೆ.

ಸಾಗರದ ಸಹೋದರಿ ಬರೆದ 84 ಗಂಟೆಯ ಲೆಕ್ಕದಲ್ಲಿ ಹದಿನೆಂಟು ಗಂಟೆಗೂ ಮಿಕ್ಕಿದ ಭಾಗ ಶಸ್ತ್ರಚಿಕಿತ್ಸೆಗೆ ಮೊದಲಿನದು ಎಂಬುದನ್ನು ಗಮನಿಸಿ. ಆ ಉಪವಾಸಕ್ಕೂ ಒಂದು ಇತಿಹಾಸವಿದೆ. 1946ರಲ್ಲಿ ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ಎಂಬ ವೈದ್ಯರು, ಹೆರಿಗೆಯಲ್ಲಿ ಅರಿವಳಿಕೆ ಕೊಟ್ಟಾಗ ಜಠರದಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದ 66 ಪ್ರಕರಣಗಳನ್ನು ಪ್ರಕಟಿಸಿದರು. ಆ ಭಯವೇ ಮುಂದೆ ಎಲ್ಲ ರೋಗಿಗಳಿಗೂ "ಮಧ್ಯರಾತ್ರಿಯಿಂದ ಏನೂ ಬೇಡ" ಎಂಬ ನಿಯಮವಾಗಿ ಬೆಳೆಯಿತು. ಈಗಿನ ಕ್ರಮದಲ್ಲಿ ಅರಿವಳಿಕೆಗೆ ಮೊದಲು ಹಗುರ ಆಹಾರಕ್ಕೆ ಆರು ಗಂಟೆ, ಎಣ್ಣೆಯಲ್ಲಿ ಕರಿದದ್ದಕ್ಕೆ ಎಂಟು ಗಂಟೆ, ತಿಳಿಯಾದ ನೀರಿಗೆ ಎರಡು ಗಂಟೆಯ ಅಂತರ ಸಾಕು. ಹಾಲು ತಿಳಿಯಾದ ದ್ರವವಲ್ಲ, ಗಂಜಿಯೂ ಅಲ್ಲ. ನಮ್ಮ ಕಡೆಯ ಹಾಲು ಹಾಕಿದ ಕಾಫಿಯಂತೂ ಅಲ್ಲವೇ ಅಲ್ಲ. ಅಮ್ಮನ ಸರದಿ ಎಷ್ಟನೆಯದು, ನೀರನ್ನು ಎಷ್ಟು ಗಂಟೆಯವರೆಗೆ ಕುಡಿಯಬಹುದು ಎಂದು ಮಂಗಳವಾರವೇ ಅಲ್ಲಿನ ಅರಿವಳಿಕೆ ವೈದ್ಯರನ್ನು ಕೇಳಿಬಿಡಿ. ಸಕ್ಕರೆ ಕಾಯಿಲೆಯಿದ್ದರೆ ಅವರ ಉತ್ತರ ಬೇರೆಯಾಗಬಹುದು.


ಹೊಸನಗರದ ತೋಟಿಗ

ಎಲ್ಲರೂ ಬೇಗ ಕೊಡಿ ಎನ್ನುತ್ತಿರುವಾಗ ನನ್ನದು ಅಪಸ್ವರ ಎನಿಸಬಹುದು, ಆದರೂ ಬರೆಯಬೇಕಾದದ್ದು. ನನ್ನ ಹೆಂಡತಿಗೆ ಮೊದಲೇ ಎರಡು ಸಿಸೇರಿಯನ್ ಆಗಿದ್ದವು. ಗರ್ಭಕೋಶ ತೆಗೆಯಲು ಹೋದಾಗ ಕರುಳು ಹಳೆಯ ಗಾಯಕ್ಕೆ ಅಂಟಿಕೊಂಡಿದ್ದರಿಂದ ಅದನ್ನು ಬಿಡಿಸುವುದಕ್ಕೇ ಎರಡು ಗಂಟೆ ಹಿಡಿಯಿತು. ಒಂದು ಕಡೆ ಕರುಳಿಗೆ ಸಣ್ಣ ಗಾಯವಾಗಿ ಅಲ್ಲಿಯೂ ಹೊಲಿಗೆ ಹಾಕಿದರು. ವೈದ್ಯರು ಹೊರಗೆ ಬಂದು ನನ್ನನ್ನು ಕೂರಿಸಿ ಇದನ್ನು ಹೇಳಿ, ತಾವು ಹೇಳುವ ತನಕ ನೀರನ್ನೂ ಕೊಡಬೇಡಿ ಎಂದರು. ತಪ್ಪು ನನ್ನದು. ನಾನು ಇದನ್ನು ರಾತ್ರಿ ಜೊತೆಗಿದ್ದ ನಾದಿನಿಗೆ ಸರಿಯಾಗಿ ತಿಳಿಸಲಿಲ್ಲ. ಆ ವಾರ್ಡಿನಲ್ಲಿ ಉಳಿದವರೆಲ್ಲ ಕುಡಿಯುತ್ತಿರುವುದನ್ನು ನೋಡಿ ಆಕೆಯೂ ಒಂದು ಲೋಟ ಎಳನೀರು ಕೊಟ್ಟಳು. ಬೆಳಗಿನ ಜಾವ ಹೊಟ್ಟೆ ತಮಟೆಯಂತೆ ಬಿಗಿದು ಹಸಿರು ಬಣ್ಣದ ವಾಂತಿ ಆರಂಭವಾಯಿತು. ಮೂಗಿನಿಂದ ಕೊಳವೆ ಹಾಕಿ, ಐದು ದಿನ ಬಾಯಿ ಕಟ್ಟಿ, ಅಂತೂ ಸುಧಾರಿಸಿದಳು.

ಎಳನೀರಿನಿಂದಲೇ ಹಾಗಾಯಿತೋ, ಕೊಡದಿದ್ದರೂ ಆಗುತ್ತಿತ್ತೋ ನನಗೆ ತಿಳಿಯದು. ಆ ಆರು ದಿನದಲ್ಲಿ ನಾನು ಕಲಿತದ್ದು, ಪಕ್ಕದ ಮಂಚದವರ ಊಟವನ್ನು ನೋಡಿ ನಮ್ಮವರಿಗೆ ಕೊಡಬಾರದು ಎಂಬುದು. ಒಳಗೆ ಏನೇನು ನಡೆಯಿತು ಎಂದು ಕೇಳಿ ತಿಳಿದುಕೊಳ್ಳಿ.


ಅರಿವಳಿಕೆಯವನು

ಹೊಸನಗರದವರ ಮಾತು ಅಪಸ್ವರವಲ್ಲ, ನಾನು ಬರೆಯಬೇಕಿದ್ದ ಉಳಿದ ಅರ್ಧ. ಅವರ ಮನೆಯವರಿಗೆ ಆದದ್ದು ಎಳನೀರಿನಿಂದಲೇ ಎಂದು ನಾನು ಹೇಳಲಾರೆ. ಅಷ್ಟು ಹೊತ್ತು ಕರುಳನ್ನು ಮುಟ್ಟಿ ಬಿಡಿಸಿದ ಮೇಲೆ ಅದು ತಾನಾಗಿಯೂ ನಿಲ್ಲಬಹುದು. ಕರುಳಿಗೆ ಗಾಯವಾಗಿದ್ದರೆ ಅಥವಾ ಅದನ್ನು ಕತ್ತರಿಸಿ ಜೋಡಿಸಿದ್ದರೆ, ಅಂಟುಗಳನ್ನು ಬಹಳ ಹೊತ್ತು ಬಿಡಿಸಿದ್ದರೆ, ಕ್ಯಾನ್ಸರಿಗಾಗಿ ವಿಸ್ತಾರವಾದ ಶಸ್ತ್ರಚಿಕಿತ್ಸೆಯಾಗಿದ್ದರೆ, ರೋಗಿಗೆ ಇನ್ನೂ ಮಂಪರು ಅಥವಾ ನಿಲ್ಲದ ವಾಂತಿ ಇದ್ದರೆ, ಯಾವಾಗ ಆರಂಭಿಸಬೇಕೆಂಬುದನ್ನು ಶಸ್ತ್ರಚಿಕಿತ್ಸಕರೇ ಹೇಳಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಕೆಳಗಿನ ದಾರಿಯಿಂದ (ಯೋನಿಮಾರ್ಗದ ಮೂಲಕ) ಗರ್ಭಕೋಶ ತೆಗೆಸಿಕೊಂಡವರು ಮತ್ತು ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪ್ರೋಸ್ಕೋಪಿ ಆದವರು ಸಾಮಾನ್ಯವಾಗಿ ಇನ್ನೂ ಬೇಗ, ಕೆಲವೇ ಗಂಟೆಗಳಲ್ಲಿ ಕುಡಿದು ತಿನ್ನತೊಡಗುತ್ತಾರೆ. ಲ್ಯಾಪ್ರೋಸ್ಕೋಪಿಯಲ್ಲಿ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬುವುದರಿಂದ ಒಂದೆರಡು ದಿನ ಹೆಗಲು ನೋಯಬಹುದು. ಅದನ್ನು ಊಟದಿಂದಾದ ವಾಯು ಎಂದು ತಿಳಿದು ಮತ್ತೆ ಬಾಯಿ ಕಟ್ಟುವವರನ್ನು ನೋಡಿದ್ದೇನೆ.


ಕೊಪ್ಪದ ಕಾಫಿಗಿಡ

ಒಂದು ಸಣ್ಣ ಪ್ರಶ್ನೆ. ನಮ್ಮ ಮನೆಯ ಹೆಂಗಸರಿಗೆ ಅನ್ನಕ್ಕಿಂತ ಮೊದಲು ಕಾಫಿ ಬೇಕು, ಅತ್ತೆಯವರಿಗೆ ಕಾಫಿಗಿಂತ ಮೊದಲು ಎಲೆಯಡಿಕೆ ಬೇಕು. ಇವೆರಡಕ್ಕೂ ಅನುಮತಿ ಉಂಟೇ?


ಅರಿವಳಿಕೆಯವನು

ಕಾಫಿಗೆ ನಿಮ್ಮ ಪರವಾಗಿ ಸಾಕ್ಷಿಯೇ ಇದೆ. ಸ್ತ್ರೀರೋಗ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ 114 ಮಹಿಳೆಯರ ಮೇಲೆ ಟರ್ಕಿಯ ವೈದ್ಯರು ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಮೂರು ಬಾರಿ ಕಾಫಿ ಕುಡಿದವರ ಕರುಳು ಬೇಗ ಚಲನೆಗೆ ಬಂತು. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಅಗಿಯುವುದರಿಂದಲೂ ಗಾಳಿ ಬೇಗ ಹೋಗುತ್ತದೆ. ಬಾಯಿ ಅಗಿಯತೊಡಗಿದೊಡನೆ ಊಟ ಬರುತ್ತಿದೆ ಎಂದು ಮೆದುಳು ನರದ ಮೂಲಕ ಕರುಳಿಗೆ ಸುದ್ದಿ ಮುಟ್ಟಿಸುತ್ತದೆ. ಹಾಗಾದರೆ ಎಲೆಯಡಿಕೆ ಅಗಿದರೂ ಆಯಿತಲ್ಲ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ, ಬೇಡ. ಅಡಿಕೆ ಕ್ಯಾನ್ಸರಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಪ್ರಕಟಿಸಿದೆ. ಅಡಿಕೆ ತೋಟದ ದುಡ್ಡಿನಲ್ಲಿ ಓದಿದವನು ಈ ಮಾತನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ.


ಅಜ್ಜಿ ಹೇಳಿದ್ದು ಮೊಮ್ಮಗ ಬರೆದದ್ದು, ಶೃಂಗೇರಿ ಸೀಮೆ

ನನ್ನ ಅಜ್ಜಿಗೆ 81 ವರ್ಷ. ಈ ಚರ್ಚೆಯನ್ನು ಓದಿ ಹೇಳಿದೆ. ಅವರು ಹೇಳಿದ್ದನ್ನು ಬರವಣಿಗೆಯ ಭಾಷೆಗೆ ತಿರುಗಿಸಿದ್ದೇನೆ, ಅರ್ಥವನ್ನು ಕೆಡಿಸಿಲ್ಲ.

ಆಸ್ಪತ್ರೆಯ ಮೂರು ದಿನದ ಬಗ್ಗೆ ಅಜ್ಜಿಗೆ ತಕರಾರಿಲ್ಲ. ವೈದ್ಯರು ಹೇಳಿದಂತೆ ಮಾಡಲಿ ಎನ್ನುತ್ತಾರೆ. ಆದರೆ ಮನೆಗೆ ಬಂದ ಮೇಲೆ ಪಥ್ಯ ಬೇಕೇ ಬೇಕು. ಬದನೆಕಾಯಿ, ಸಿಹಿಗುಂಬಳ, ಕೆಸು, ಕಳಲೆ, ಹಲಸು, ಮೊಟ್ಟೆ, ಮೀನು ಎಲ್ಲವೂ ನಂಜು. ತಿಂದರೆ ಗಾಯ ಕೀವಾಗುತ್ತದೆ. ಮೆಣಸಿನ ಸಾರು, ಸುಟ್ಟ ಹಪ್ಪಳ, ಕುಚ್ಚಲಕ್ಕಿ ಗಂಜಿ, ಬೆಳ್ಳುಳ್ಳಿ ಒಗ್ಗರಣೆ ಸಾಕು. ಮಳೆಗಾಲದಲ್ಲಿ ನಾಲ್ಕು ತಿಂಗಳು ಉಟ್ಟ ಸೀರೆಯೇ ಒಣಗುವುದಿಲ್ಲ, ಗಾಯ ಹೇಗೆ ಒಣಗೀತು ಎಂದು ಕೇಳುತ್ತಾರೆ. ಕೊನೆಗೆ ಇನ್ನೊಂದು ಮಾತು ಹೇಳಿದರು, ಅದನ್ನು ನಾನು ಈ ಮೊದಲು ಯೋಚಿಸಿರಲಿಲ್ಲ. ಪಥ್ಯದವಳಿಗೆ ಬೇರೆಯೇ ಅಡುಗೆಯಾಗಬೇಕು, ಅದನ್ನು ಬೇರೆಯವರೇ ಮಾಡಬೇಕು; ಹಾಗಾಗಿ ನಲವತ್ತು ದಿನ ಅವಳನ್ನು ಯಾರೂ ಒಲೆಯ ಮುಂದೆ ನಿಲ್ಲು ಎನ್ನುತ್ತಿರಲಿಲ್ಲ. ಎಲ್ಲವನ್ನೂ ಉಣ್ಣಬಹುದು ಎಂದು ವೈದ್ಯರು ಬರೆದುಕೊಟ್ಟರೆ, ಎಲ್ಲವನ್ನೂ ಮಾಡಬಹುದು ಎಂದು ಮನೆಯವರು ಓದಿಕೊಳ್ಳುತ್ತಾರೆ.


ಪಥ್ಯಾಹಾರ ಓದಿದವಳು, ಭದ್ರಾವತಿ

ಅಜ್ಜಿಯವರ ಕೊನೆಯ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ವಿಶ್ರಾಂತಿಯನ್ನು ಖಂಡಿತ ಉಳಿಸಿಕೊಳ್ಳೋಣ. ಒಂದೂವರೆ ತಿಂಗಳು ಕೊಡ ಎತ್ತುವುದು, ಗೊಬ್ಬರದ ಬುಟ್ಟಿ ಹೊರುವುದು, ಒನಕೆ ಹಿಡಿಯುವುದು ಬೇಡ. ಊಟದ ವಿಚಾರದಲ್ಲಿ ಮಾತ್ರ ನಾನು ಬೇರೆ ಹೇಳಬೇಕಾಗುತ್ತದೆ. ಆಸ್ಪತ್ರೆಯ ಉಪವಾಸ ಒಂದು ದಿನಕ್ಕೆ ಇಳಿದಿದೆ ಎಂದು ಸಂತೋಷಪಡುತ್ತಿರುವಾಗಲೇ ಮನೆಯಲ್ಲಿ ನಲವತ್ತು ದಿನದ ಅರೆಹೊಟ್ಟೆ ಆರಂಭವಾಗುತ್ತದೆ. ನನ್ನ ಹತ್ತಿರ ಬರುವವರಲ್ಲಿ ಮೂರು ದಿನದ ಉಪವಾಸದಿಂದ ಸೋತವರಿಗಿಂತ ಈ ನಲವತ್ತು ದಿನದ ಗಂಜಿಸಾರಿನಿಂದ ಸೊರಗಿದವರೇ ಹೆಚ್ಚು.

ಗಾಯ ಮಾಗುವುದಕ್ಕೆ ಪ್ರೋಟೀನ್ ಬೇಕು. ಶಸ್ತ್ರಚಿಕಿತ್ಸೆಯ ನಂತರ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಎಂದು ಲೆಕ್ಕ. 50 ಕಿಲೋ ತೂಗುವವರಿಗೆ 60ರಿಂದ 75 ಗ್ರಾಂ. ಒಂದು ಬಟ್ಟಲು ಗಂಜಿಯಲ್ಲಿ ಇರುವುದು ಸುಮಾರು ಮೂರು ಗ್ರಾಂ, ತಿಳಿಸಾರಿನಲ್ಲಿ ಹೆಸರಿಗಷ್ಟೇ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ, ಒಂದು ಹಿಡಿ ಬೇಳೆಯ ಗಟ್ಟಿ ತೊವ್ವೆಯಲ್ಲಿ ಸುಮಾರು ಏಳು ಗ್ರಾಂ ಸಿಗುತ್ತದೆ. ಮೂರು ಹೊತ್ತೂ ಗಂಜಿಯೇ ಆದರೆ ಹತ್ತು ಗ್ರಾಂ ದಾಟುವುದು ಕಷ್ಟ.

ನಂಜಿನ ಪಟ್ಟಿಯಲ್ಲಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಲಸಿನ ಹಣ್ಣು, ಕಡಲೆ, ಗೆಣಸು ಮೊದಲ ಕೆಲವು ದಿನ ಹೊಟ್ಟೆಯುಬ್ಬರ ತರುವುದರಿಂದ ಬಿಟ್ಟರೆ ಒಳ್ಳೆಯದು. ಕೆಸುವಿನ ತುರಿಕೆ ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ ಬರುವುದು. ಗಾಯದ ಕೀವಿಗೂ ಅದಕ್ಕೂ ಸಂಬಂಧವಿಲ್ಲ. ಕೀವಾಗುವುದು ಸೂಕ್ಷ್ಮಾಣುಗಳಿಂದ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯಿಂದ, ಒದ್ದೆಯಾಗಿಯೇ ಉಳಿದ ಗಾಯದಿಂದ. ಆ ಕೊನೆಯದರಲ್ಲಿ ಅಜ್ಜಿಯವರು ಹೇಳಿದ ಮಳೆಗಾಲದ ಮಾತು ನೂರಕ್ಕೆ ನೂರು ಸರಿ. ಬದನೆಕಾಯಿಯನ್ನು ಬಿಡುವ ಬದಲು ಒಳಬಟ್ಟೆಯನ್ನು ಇಸ್ತ್ರಿ ಮಾಡಿ ಒಣಗಿಸಿಕೊಡಿ.

ತೀರ್ಥಹಳ್ಳಿಯವರ ಅಮ್ಮನಿಗೆ ಮೂರು ವರ್ಷದಿಂದ ರಕ್ತ ಹೋಗಿದೆ ಎಂದಿದ್ದೀರಿ, ಆದ್ದರಿಂದ ಕಬ್ಬಿಣಾಂಶದ ಮಾತ್ರೆ ಕೊಟ್ಟೇ ಕೊಡುತ್ತಾರೆ. ಆ ಮಾತ್ರೆಯನ್ನು ಕಾಫಿಯ ಜೊತೆಗೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ನಿಂಬೆರಸದ ಜೊತೆ ನುಂಗಿದರೆ ಹೆಚ್ಚು. ಅದರಿಂದ ಮಲ ಗಟ್ಟಿಯಾಗುತ್ತದೆ, ನೋವಿನ ಕೆಲವು ಔಷಧಗಳಿಂದಲೂ ಆಗುತ್ತದೆ. ಮಲಕ್ಕೆ ಕೂತಾಗ ತಿಣುಕುವುದು ಹೊಲಿಗೆಗೆ ಒಳ್ಳೆಯದಲ್ಲ. ನೀರು, ಬಸಳೆ, ಪಪ್ಪಾಯಿ ಹಣ್ಣು ಇರಲಿ. ಸಾಲದಿದ್ದರೆ ನಾಚಿಕೆಪಡದೆ ವೈದ್ಯರನ್ನು ಕೇಳಿ ಔಷಧ ಬರೆಸಿಕೊಳ್ಳಿ.


ನಿವೃತ್ತ ಸಿಸ್ಟರ್, ಶಿವಮೊಗ್ಗ

ಆಗುಂಬೆ, ಹುಲಿಕಲ್ ಕಡೆಯ ಊರುಗಳಿಂದ ಬರುವವರಿಗಾಗಿ ಇದನ್ನು ಸೇರಿಸುತ್ತೇನೆ, ಏಕೆಂದರೆ ಮನೆಗೆ ಹೋದ ಮೇಲೆ ತೊಂದರೆಯಾದರೆ ಅವರು ಮರಳಿ ಬರುವುದಕ್ಕೆ ಎರಡು ಗಂಟೆ ಬೇಕು. ಮತ್ತೆ ಮತ್ತೆ ವಾಂತಿ, ಅದರಲ್ಲೂ ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿ ಬಿಗಿಯಾಗಿ ಗಾಳಿಯೂ ಮಲವೂ ನಿಂತುಹೋದರೆ, 100.4 ಡಿಗ್ರಿಗಿಂತ ಹೆಚ್ಚು ಜ್ವರ ಬಂದರೆ, ಸ್ರಾವ ಹೆಚ್ಚಾದರೆ ಅಥವಾ ದುರ್ವಾಸನೆಯಿದ್ದರೆ, ಒಂದು ಕಾಲಿನ ಮೀನಖಂಡ ಊದಿ ನೋವಾದರೆ ಕಷಾಯ ಕುಡಿಸುತ್ತಾ ಬೆಳಗಾಗಲಿ ಎಂದು ಕಾಯಬೇಡಿ. ಬಿಡುಗಡೆಯ ದಿನವೇ ಯಾವ ನಂಬರಿಗೆ ಫೋನ್ ಮಾಡಬೇಕೆಂದು ಚೀಟಿಯ ಮೇಲೆ ಬರೆಸಿಕೊಳ್ಳಿ. ಹಾದಿಯಲ್ಲಿ ತಿರುವುಗಳು ಹೆಚ್ಚಿದ್ದರೆ ಹೊರಡುವ ಮುನ್ನ ಹೊಟ್ಟೆ ತುಂಬ ಉಣಿಸದಿರುವುದೇ ಮೇಲು.


ತುಂಗಾತೀರದವಳು, ತೀರ್ಥಹಳ್ಳಿ (ಮರುವಾರ, ಭಾನುವಾರ)

ನಿಮ್ಮೆಲ್ಲರಿಗೂ ಉತ್ತರ ಬರೆಯಲು ತಡವಾಯಿತು. ನಾವು ನಿನ್ನೆ ಸಂಜೆ ಊರಿಗೆ ಬಂದೆವು.

ಮಂಗಳವಾರ ಅರಿವಳಿಕೆ ವೈದ್ಯರನ್ನು ಕೇಳಿದ್ದಕ್ಕೆ ಬುಧವಾರ ಬೆಳಿಗ್ಗೆ ಆರರವರೆಗೆ ನೀರು ಕುಡಿಯಬಹುದು ಎಂದರು. ಅಮ್ಮ ಐದೂವರೆಗೆ ಒಂದು ಲೋಟ ಕುಡಿದರು. ಒಂಬತ್ತಕ್ಕೆ ಒಳಗೆ ಹೋದವರು ಹನ್ನೊಂದಕ್ಕೆ ಹೊರಗೆ ಬಂದರು. ಹೊಸನಗರದವರು ಹೇಳಿದಂತೆ, ಕರುಳಿಗೇನಾದರೂ ಆಯಿತೇ ಎಂದು ನೇರವಾಗಿ ಕೇಳಿದೆ. ಇಲ್ಲ, ಎಲ್ಲಿಯೂ ಅಂಟಿರಲಿಲ್ಲ ಎಂದರು. ಆ ಮಾತನ್ನು ದೊಡ್ಡಮ್ಮನ ಎದುರಿಗೇ ಹೇಳಿಸಿದ್ದು ಒಳ್ಳೆಯದಾಯಿತು. ಅವರನ್ನು ಒಪ್ಪಿಸಿದ್ದು 631 ಮಹಿಳೆಯರ ಲೆಕ್ಕವಲ್ಲ, ಸಿಸ್ಟರ್ ಬರೆದ ದಾರದ ಕಥೆ. "ಹಾಗಾದರೆ ನನಗೆ ಹಾಕಿದ್ದು ಹಳೆಯ ದಾರ" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಜೆ ಐದಕ್ಕೆ ತಾವೇ ಚಮಚ ಕೈಗೆತ್ತಿಕೊಂಡರು. ಒಂದೊಂದು ಚಮಚಕ್ಕೂ ಅಮ್ಮನ ಮುಖ ನೋಡುತ್ತಾ ಹತ್ತರವರೆಗೆ ಎಣಿಸಿ ನಿಲ್ಲಿಸಿದರು. ಏಳು ಗಂಟೆಗೆ ಉಪ್ಪು ಹಾಕಿದ ಗಂಜಿತಿಳಿ ಅರ್ಧ ಲೋಟ ಕೊಟ್ಟರು. ರಾತ್ರಿ ಒಮ್ಮೆ ವಾಕರಿಕೆ ಬಂತು. ದೊಡ್ಡಮ್ಮ ನನ್ನ ಕಡೆ ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಂಜೆಕ್ಷನ್ ಕೊಟ್ಟ ಮೇಲೆ ಅಮ್ಮ ನಿದ್ದೆ ಹೋದರು.

ಗುರುವಾರ ಬೆಳಿಗ್ಗೆ ಅಮ್ಮ ಒಂದೂವರೆ ಇಡ್ಲಿ ತಿಂದರು. ಮಧ್ಯಾಹ್ನ ಕಾರಿಡಾರಿನಲ್ಲಿ ಎರಡು ಸುತ್ತು ನಡೆದು, ಮೆತ್ತಗಿನ ಅನ್ನ ಮಜ್ಜಿಗೆ ಉಂಡರು. ಗಾಳಿ ಹೋದದ್ದು ಶುಕ್ರವಾರ ಬೆಳಗಿನ ಜಾವ. ಅಷ್ಟು ಹೊತ್ತಿಗೆ ಅವರು ನಾಲ್ಕು ಸಲ ಉಂಡಾಗಿತ್ತು. ದೊಡ್ಡಮ್ಮ ಆ ಸುದ್ದಿಯನ್ನು ಊರಿಗೆ ಫೋನ್ ಮಾಡಿ ತಿಳಿಸಿದ್ದರಿಂದ, ನಿನ್ನೆ ನಾವು ಅಂಗಳಕ್ಕೆ ಕಾಲಿಡುವಷ್ಟರಲ್ಲಿ ನೆರೆಮನೆಯವರಿಗೆಲ್ಲ ಅದು ತಿಳಿದಿತ್ತು.

ಮನೆಯ ಪಥ್ಯದ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ. ಭದ್ರಾವತಿಯವರ ಗ್ರಾಂ ಲೆಕ್ಕವನ್ನು ಓದಿ ಹೇಳಿದೆ. ಗಟ್ಟಿ ತೊವ್ವೆ, ಹಾಲು, ಮೊಸರಿಗೆ ಒಪ್ಪಿಗೆ ಸಿಕ್ಕಿದೆ. ಮೊಟ್ಟೆಯನ್ನು ಹೊಲಿಗೆ ಪೂರ್ತಿ ಒಣಗಿದ ಮೇಲೆ ಎಂದಿದ್ದಾರೆ. ಬದನೆಕಾಯಿಯ ಮಾತನ್ನು ನಾನು ಇನ್ನೂ ಎತ್ತಿಲ್ಲ.